ಹ್ಯಾಂಗ ಬಂತು?

ಎಂಟನೆಯ ತರಗತಿಗೆ ಹೊಸದಾಗಿ ಸೇರಿದ ಮಕ್ಕಳಿಗೆ ಜೂನ್ ತಿಂಗಳಲ್ಲಿ ಸೇತುಬಂಧದ ಪೂರ್ವ ಪರೀಕ್ಷೆ ನಡೆಸುವುದು ನಮ್ಮ ಸರ್ಕಾರಿ ಪ್ರೌಢಶಾಲೆಗಳ ವಾಡಿಕೆ. ಹಿಂದಿನ ತರಗತಿಗಳಲ್ಲಿ ಕಲಿತದ್ದರಲ್ಲಿ ಯಾವುದು ಗಟ್ಟಿಯಾಗಿದೆ, ಯಾವುದು ಕೈಬಿಟ್ಟು ಹೋಗಿದೆ ಎಂಬುದನ್ನು ತಿಳಿದುಕೊಂಡ ಮೇಲೆಯೇ ಹೊಸ ಪಾಠಕ್ಕೆ ಕೈ ಹಾಕಬೇಕೆಂಬುದು ಅದರ ಉದ್ದೇಶ. 2023ರ ಜೂನ್‌ನಲ್ಲಿ ನಾನು ಕೊಟ್ಟ ಹತ್ತು ಲೆಕ್ಕಗಳಲ್ಲಿ ಒಂದು ಬಹಳ ಸರಳವಾಗಿತ್ತು: 1.25ಕ್ಕೆ 1.25 ಕೂಡಿಸಿರಿ. ನಾನು ಗಣಿತ ಕಲಿಸುವ ಶಾಲೆ ಚಿತ್ತಾಪುರ ತಾಲ್ಲೂಕಿನಲ್ಲಿ, ಕಾಗಿಣಾ ಹೊಳೆಗೆ ಹತ್ತಿರದ ಒಂದು ಹಳ್ಳಿಯಲ್ಲಿದೆ. ಆ ವರ್ಷ ಎಂಟನೆಯ ತರಗತಿಯಲ್ಲಿ 52 ಮಕ್ಕಳಿದ್ದರು. ಬಹಳಷ್ಟು ಮಂದಿ 2.50 ಎಂದು ಬರೆದಿದ್ದರು, ಕೆಲವರು ಚುಕ್ಕಿಯನ್ನೇ ಮರೆತು 250 ಎಂದಿದ್ದರು, ನಾಲ್ಕೈದು ಮಂದಿ ಜಾಗವನ್ನು ಖಾಲಿ ಬಿಟ್ಟಿದ್ದರು. ಒಬ್ಬ ಹುಡುಗ ಮಾತ್ರ 3.10 ಎಂದು ಬರೆದಿದ್ದ. ನಾನು ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದು ಮುಂದಿನ ಹಾಳೆಗೆ ಹೋದೆ.

ಮರುದಿನ ಹಾಳೆಗಳನ್ನು ಹಂಚಿದ ಮೇಲೆ, ಗಂಟೆ ಹೊಡೆದು ಎಲ್ಲರೂ ಹೊರಗೆ ಹೋಗುವಾಗ, ಆ ಹುಡುಗ ಹಾಳೆ ಹಿಡಿದುಕೊಂಡು ಮೇಜಿನ ಹತ್ತಿರ ಬಂದು ನಿಂತ. "ಮೇಡಂರೀ, ಇದು ಯಾಕ ತಪ್ಪರಿ?" ಎಂದು ಕೇಳಿದ. ಚುಕ್ಕಿಯ ಕೆಳಗೆ ಚುಕ್ಕಿ ಇಟ್ಟು ಕೂಡಿಸಬೇಕಪ್ಪಾ ಎಂದೆ. "ಹಾಂಗೇ ಮಾಡೀನ್ರಿ" ಎಂದ. ಅವನ ದನಿಯಲ್ಲಿ ಹಟವಿರಲಿಲ್ಲ. ತನ್ನ ಲೆಕ್ಕ ಸರಿಯಿದೆ ಎಂಬ ಶಾಂತ ನಂಬಿಕೆ ಇತ್ತು. ಬಸ್ಸಿನ ಹೊತ್ತಾಗಿದ್ದರೂ ನಾನು ಕೂತುಕೊಂಡು "ಹ್ಯಾಂಗ ಬಂತು, ಹೇಳು" ಎಂದೆ. ಅವನು ಹೇಳಿದ್ದು ಇಷ್ಟು: "ಇಪ್ಪತ್ತೈದ ಇಪ್ಪತ್ತೈದ ಐವತ್ತರಿ. ನಾಲ್ವತ್ತಕ್ಕ ಒಂದ ಎಕರೆ ಆತು, ಹತ್ತ ಉಳೀತು. ಒಂದು, ಒಂದು, ಮತ್ತ ಇದೊಂದು, ಮೂರ ಎಕರೆ ಹತ್ತ ಗುಂಟೆ. ನಮ್ ಮುತ್ಯಾನ ಹೆಸರಿಲೆ ಪಹಣಿದಾಗ ಅಷ್ಟೇ ಇತ್ತರಿ. ಅಪ್ಪಗ ಎಕರೆ ಇಪ್ಪತ್ತೈದ, ಕಾಕಾಗ ಎಕರೆ ಇಪ್ಪತ್ತೈದ ಬಂತು."

ಮುತ್ಯಾ ಎಂದರೆ ನಮ್ಮ ಕಡೆ ಅಜ್ಜ. ನಾನು ಹಾಳೆಯನ್ನು ಅವನ ಕೈಯಿಂದ ತೆಗೆದುಕೊಂಡು ಮತ್ತೊಮ್ಮೆ ನೋಡಿದೆ. ನಮ್ಮ ಪಹಣಿಗಳಲ್ಲಿ ಹೊಲದ ವಿಸ್ತೀರ್ಣವನ್ನು ಎಕರೆ, ಗುಂಟೆ, ಆಣೆ ಎಂದು ನಡುವೆ ಚುಕ್ಕಿ ಇಟ್ಟೇ ಬರೆಯುತ್ತಾರೆ. ಒಂದು ಎಕರೆಗೆ 40 ಗುಂಟೆ, ಒಂದು ಗುಂಟೆಗೆ 16 ಆಣೆ. ಪಹಣಿಯಲ್ಲಿ 2.20 ಎಂದಿದ್ದರೆ ಅದು ಎರಡೂವರೆ ಎಕರೆ. ಗಣಿತದ ಪುಸ್ತಕದ 2.20 ಎರಡೂಕಾಲನ್ನೂ ಮುಟ್ಟುವುದಿಲ್ಲ. ಒಕ್ಕಲುತನದ ಮನೆಯಲ್ಲಿ ಹುಟ್ಟಿದ ಆ ಹುಡುಗನಿಗೆ ದಶಮಾಂಶದ ಪಾಠಕ್ಕಿಂತ ಎಷ್ಟೋ ಮುಂಚೆ ಚುಕ್ಕಿಯ ಪರಿಚಯ ಆಗಿತ್ತು, ಅದೂ ಮನೆ ಪಾಲಾದ ದಿನಗಳಲ್ಲಿ, ಹಿರಿಯರು ಕಾಗದಗಳನ್ನು ಹರವಿಕೊಂಡು ರಾತ್ರಿಯೆಲ್ಲ ಕುಳಿತು ಮಾತಾಡಿದ ಹೊತ್ತಿನಲ್ಲಿ. ಅವನು ನಾಲ್ವತ್ತಕ್ಕೆ ಒಂದರಂತೆ ಹಿಡಿದು ಕೂಡಿಸಿದ್ದ, ಕೈಗೆ ಒಂದನ್ನು ಸರಿಯಾಗಿಯೇ ಹಿಡಿದುಕೊಂಡಿದ್ದ, ಉಳಿದದ್ದನ್ನು ಸರಿಯಾದ ಜಾಗದಲ್ಲಿ ಬರೆದಿದ್ದ. ಯಾಂತ್ರಿಕವಾಗಿ 2.50 ಎಂದು ಬರೆದ ಎಷ್ಟೋ ಮಕ್ಕಳಿಗಿಂತ ಹೆಚ್ಚಿನ ಗಣಿತ ಆ 3.10ರಲ್ಲಿತ್ತು. ಅದರ ಮೇಲೆ ನಾನು ಕೆಂಪು ಗೆರೆ ಎಳೆದಿದ್ದೆ. ಹದಿನಾರು ವರ್ಷಗಳಿಂದ ಈ ಭಾಗದಲ್ಲಿ ಗಣಿತ ಕಲಿಸುತ್ತಿರುವ ನನಗೆ, ಇಂಥ ಎಷ್ಟು ಉತ್ತರಗಳ ಮೇಲೆ ಹೀಗೆ ಗೆರೆ ಎಳೆದಿರಬಹುದೆಂಬ ಸಂಕಟ ಅಂದು ಬಸ್ಸಿನಲ್ಲಿ ಕಲಬುರಗಿ ಮುಟ್ಟುವವರೆಗೂ ಬಿಡಲಿಲ್ಲ.

ಆ ವಾರವಿಡೀ ನಾನು ಮಕ್ಕಳ ಸುತ್ತ ಇರುವ ಚುಕ್ಕಿಗಳನ್ನು ಹುಡುಕುತ್ತ ಹೋದೆ, ಹುಡುಕಿದಷ್ಟೂ ಸಿಕ್ಕವು. ಹುಡುಗರು ದಿನಾಲೂ ಆಡುವ ಕ್ರಿಕೆಟ್ಟಿನಲ್ಲಿ 4.5 ಓವರ್ ಎಂದರೆ ನಾಲ್ಕು ಓವರ್ ಮತ್ತು ಐದು ಚೆಂಡು. ಮುಂದಿನ ಚೆಂಡು ಬಿದ್ದರೆ ಅದು 4.6 ಆಗುವುದಿಲ್ಲ, 5 ಆಗುತ್ತದೆ. ಅಲ್ಲಿ ಚುಕ್ಕಿಯ ಆಚೆಯ ಮನೆ ಆರಕ್ಕೆ ತುಂಬುತ್ತದೆ. ಶಾಲೆಯ ಗೋಡೆಯ ಮೇಲಿನ ವೇಳಾಪಟ್ಟಿಯಲ್ಲಿ 10.40ಕ್ಕೆ ಆರಂಭವಾದ ನಲವತ್ತು ನಿಮಿಷದ ಅವಧಿ 11.20ಕ್ಕೆ ಮುಗಿಯುತ್ತದೆ, ಅಲ್ಲಿ ಅರವತ್ತಕ್ಕೆ ತುಂಬುತ್ತದೆ. ಅಂಗಡಿಯ ಚೀಟಿಯಲ್ಲಿ 12.50 ಎಂದರೆ ಹನ್ನೆರಡು ರೂಪಾಯಿ ಐವತ್ತು ಪೈಸೆ, ಅಲ್ಲಿ ನೂರು. ಬಿಸಿಯೂಟದ ಕೋಣೆಯ ದಾಸ್ತಾನು ಪುಸ್ತಕದಲ್ಲಿ ಇನ್ನೊಂದು ಬಗೆ. ಅಕ್ಷರ ದಾಸೋಹ 2002ರಲ್ಲಿ ಮೊದಲು ಆರಂಭವಾದದ್ದೇ ನಮ್ಮ ಈಶಾನ್ಯ ಭಾಗದ ಜಿಲ್ಲೆಗಳಲ್ಲಿ, ಆದ್ದರಿಂದ ನಮ್ಮ ಮಕ್ಕಳ ಅಪ್ಪ ಅವ್ವಂದಿರಲ್ಲೂ ಕೆಲವರು ಅದೇ ಅನ್ನ ಉಂಡು ಕಲಿತವರು. ಪ್ರೌಢಶಾಲೆಯ ಮಗುವಿಗೆ ಒಂದು ಹೊತ್ತಿಗೆ 150 ಗ್ರಾಂ ಅಕ್ಕಿ ಎಂಬ ಲೆಕ್ಕದಲ್ಲಿ 212 ಮಕ್ಕಳ ಹಾಜರಿಗೆ 31.8 ಕಿಲೋ ಆಗುತ್ತದೆ. ಅದನ್ನು ಓದಲು ಹೇಳಿದರೆ ತರಗತಿಯ ಅರ್ಧದಷ್ಟು ಮಕ್ಕಳು ಮೂವತ್ತೊಂದು ಕಿಲೋ ಎಂಟು ಗ್ರಾಂ ಎಂದರು. ಅಡುಗೆಯ ತಾಯಿಗೆ ಚುಕ್ಕಿಯ ಗೊಡವೆಯೇ ಇಲ್ಲ. ಅವರು ಡಬ್ಬಿಯಿಂದ ಅಳೆದು ಹಾಕುತ್ತಾರೆ, ಅವರ ಅಳತೆ ಎಂದೂ ತಪ್ಪುವುದಿಲ್ಲ.

ಹೀಗೆ ಆರು, ನಾಲ್ವತ್ತು, ಅರವತ್ತು, ನೂರು, ಸಾವಿರ ಎಂದು ಬೇರೆ ಬೇರೆ ಮಿತಿಗೆ ತುಂಬುವ ಚುಕ್ಕಿಗಳ ನಡುವೆ ಬೆಳೆದ ಮಗುವಿನ ಮುಂದೆ, ಹತ್ತಕ್ಕೆ ತುಂಬುವ ಇನ್ನೊಂದು ಚುಕ್ಕಿಯನ್ನು ತಂದಿಟ್ಟು, ಇದು ಉಳಿದವುಗಳಿಗಿಂತ ಬೇರೆ ಎಂದು ನಾವು ಹೇಳುವುದೇ ಇಲ್ಲ. ಪುಸ್ತಕದ ಮಾತಿನಲ್ಲಿ ದಶಮಾಂಶ ಎಂಬ ಪದದೊಳಗೇ ಹತ್ತು ಇದೆ, ನಿಜ. ಆದರೆ ನಮ್ಮ ಮಕ್ಕಳು ಅದನ್ನು ದಶಮಾಂಶ ಎನ್ನುವುದಿಲ್ಲ, ಪಾಯಿಂಟ್ ಲೆಕ್ಕ ಎನ್ನುತ್ತಾರೆ. ಆ ಹುಡುಗನ ಉತ್ತರ ಸಿಕ್ಕ ಮೇಲೆ ನಾನು ದಶಮಾಂಶದ ಪಾಠವನ್ನು ಪಹಣಿಯಿಂದಲೇ ಶುರು ಮಾಡುತ್ತೇನೆ. ಮಕ್ಕಳು ತಮ್ಮ ಮನೆಯ ಪಹಣಿಯ ಅಂಕಿಗಳನ್ನು ಬರೆದುಕೊಂಡು ಬರುತ್ತಾರೆ, ಹೊಲವಿಲ್ಲದ ಮನೆಯವರು ಓವರಿನ ಲೆಕ್ಕವನ್ನೋ ಬಸ್ಸಿನ ವೇಳೆಯನ್ನೋ ತರುತ್ತಾರೆ, ಪ್ರತಿಯೊಂದರಲ್ಲೂ ಎಷ್ಟಕ್ಕೆ ಮನೆ ತುಂಬುತ್ತದೆ ಎಂದು ಮೊದಲು ಮಾತಾಗುತ್ತದೆ. ಆಮೇಲೆ ಪುಸ್ತಕದ ಚುಕ್ಕಿ ಬರುತ್ತದೆ.

ಅದೇ ವರ್ಷ ಒಂದು ಮಧ್ಯಾಹ್ನ ಮೈದಾನದಲ್ಲಿ ಒಂದು ಗುಂಟೆಯನ್ನು ಅಳೆದು ಸುಣ್ಣದ ಪುಡಿಯಲ್ಲಿ ಗೆರೆ ಹಾಕಿದೆವು. ಒಂದು ಬದಿಗೆ 33 ಅಡಿ, ನಾಲ್ಕೂ ಬದಿ ಸಮ, ಒಟ್ಟು 1,089 ಚದರ ಅಡಿ. ಅಂಥ 40 ಚೌಕಗಳು ಸೇರಿದರೆ 43,560 ಚದರ ಅಡಿಯ ಎಕರೆ. ಹಗ್ಗ ಹಿಡಿದು ಮೂರನೆಯ ಮೂಲೆಗೆ ಬರುವಷ್ಟರಲ್ಲಿ ಚೌಕ ವಾರೆಯಾಗಿತ್ತು. ಮೂಲೆ ನೇರ ಮಾಡುವುದು ಹೇಗೆಂದು ನಾನು ಕೇಳುವ ಮೊದಲೇ, ತಂದೆ ಗೌಂಡಿ ಕೆಲಸ ಮಾಡುವ ಒಬ್ಬ ಹುಡುಗ ಹಗ್ಗಕ್ಕೆ ಗಂಟು ಹಾಕತೊಡಗಿದ. ಒಂದು ಕಡೆಗೆ ಮೂರು ಅಡಿ, ಇನ್ನೊಂದು ಕಡೆಗೆ ನಾಲ್ಕು ಅಡಿ, ಎರಡು ತುದಿಗಳ ನಡುವೆ ಐದು ಅಡಿ ಬಂದರೆ ಮೂಲೆ ಸರಿ ಎಂದ. ಮನೆಯ ಪಾಯ ತೆಗೆಯುವಾಗ ಅಪ್ಪ ಹೀಗೇ ಮಾಡುತ್ತಾನಂತೆ. ಪೈಥಾಗೊರಸನ ಪ್ರಮೇಯದ ಹೆಸರನ್ನು ಅವನು ಇನ್ನೂ ಕೇಳಿರಲಿಲ್ಲ. ಆ ದಿನ ನಾನು ಪ್ರಮೇಯದ ಹೆಸರು ಹೇಳಲಿಲ್ಲ, ಹೇಳುವ ಆಸೆಯನ್ನು ಹತ್ತಿಕ್ಕಿಕೊಂಡೆ; ಬಿಸಿಲಲ್ಲಿ ನಿಂತಿದ್ದ ಐವತ್ತು ಮಕ್ಕಳು ಅವನ ಮಾತನ್ನೇ ಕೇಳುತ್ತಿದ್ದರು.

ಇಷ್ಟೆಲ್ಲ ಶಾಲೆಯ ಮಾತು. ಮನೆಯ ಮಾತನ್ನು ಬರೆಯುವುದು ನನಗೆ ಕಷ್ಟ, ಆದರೂ ಬರೆಯದಿದ್ದರೆ ಮೇಲಿನದೆಲ್ಲ ಅರ್ಧ ಸತ್ಯವಾದೀತು. ನನ್ನ ಮಗಳು ಕಲಬುರಗಿಯ ಒಂದು ಇಂಗ್ಲಿಷ್ ಮಾಧ್ಯಮ ಶಾಲೆಯಲ್ಲಿ ಆರನೆಯ ತರಗತಿ ಓದುತ್ತಾಳೆ. ಶಿಕ್ಷಕರ ಸಭೆಯಲ್ಲಿ ನಾನು ಆ 3.10ರ ಕತೆ ಹೇಳಿ, ಮಗುವಿನ ತಪ್ಪು ಉತ್ತರದ ಹಿಂದಿನ ದಾರಿಯನ್ನು ಕೇಳಬೇಕೆಂದು ವಿವರಿಸಿ, ಎಲ್ಲರಿಂದ ಒಳ್ಳೆಯ ಮಾತು ಕೇಳಿಸಿಕೊಂಡು ಮನೆಗೆ ಬಂದ ಸಂಜೆಯೇ, ಅವಳ ಮನೆಗೆಲಸದ ಪುಸ್ತಕದಲ್ಲಿ 0.8 ಮತ್ತು 0.35ರಲ್ಲಿ ದೊಡ್ಡದು 0.35 ಎಂದು ಬರೆದದ್ದು ಕಣ್ಣಿಗೆ ಬಿತ್ತು. ಆಗ ನನ್ನ ಬಾಯಿಂದ ಬಂದ ಮಾತು "ಹ್ಯಾಂಗ ಬಂತು" ಎಂಬುದಲ್ಲ. "ಇಷ್ಟೂ ಬರಂಗಿಲ್ಲೇನ ನಿನಗ? ಮಂದಿ ಮಕ್ಕಳಿಗೆ ಕಲಿಸಿ ಬಂದೀನಿ, ನನ್ನ ಮಗಳಿಗೇ ಪಾಯಿಂಟ್ ಬರಂಗಿಲ್ಲ" ಎಂದೆ. ರಬ್ಬರನ್ನು ನಾನೇ ಕೈಗೆತ್ತಿಕೊಂಡು ಅವಳ ಉತ್ತರವನ್ನು ಒರೆಸಿದೆ. ಎಂಟರ ಮುಂದೆ ಸೊನ್ನೆ ಹಚ್ಚು, ಎಂಬತ್ತಾಗುತ್ತದೆ, ಈಗ ನೋಡು ಎಂದೆ. ಅವಳು ಸೊನ್ನೆ ಹಚ್ಚಿದಳು, ಉತ್ತರ ತಿದ್ದಿದಳು, ಏನೂ ಮಾತಾಡಲಿಲ್ಲ. ನಾಲ್ಕು ದಿನ ಬಿಟ್ಟು ನೋಡಿದರೆ ಅದೇ ತಪ್ಪು ಮುಂದಿನ ಪುಟದಲ್ಲಿತ್ತು. ಅದಕ್ಕಿಂತ ಹೆಚ್ಚಾಗಿ ನನ್ನನ್ನು ತಟ್ಟಿದ್ದು, ಅವಳು ಪುಸ್ತಕಗಳನ್ನು ಊಟದ ಮೇಜಿನಿಂದ ಎತ್ತಿಕೊಂಡು ತನ್ನ ಮುತ್ಯಾನ ಕೋಣೆಗೆ ಹೋಗಿ ಕೂಡಲು ಶುರು ಮಾಡಿದ್ದು.

ತರಗತಿಯಲ್ಲಿ ಐವತ್ತು ಮಕ್ಕಳ ಮುಂದೆ ಇರುವ ತಾಳ್ಮೆ ಮನೆಯಲ್ಲಿ ಒಂದೇ ಮಗುವಿನ ಮುಂದೆ ಏಕೆ ಉಳಿಯುವುದಿಲ್ಲ ಎಂಬುದನ್ನು ನಾನು ಬಹಳ ಯೋಚಿಸಿದ್ದೇನೆ. ದಣಿವು ಒಂದು ಕಾರಣ. ದಿನಕ್ಕೆ ಮೂರು ತಾಸು ಬಸ್ಸಿನಲ್ಲಿ ಕಳೆದು, ಬಂದ ಕೂಡಲೇ ರೊಟ್ಟಿಗೆ ಹಿಟ್ಟು ನಾದುವ ತಾಯಂದಿರಿಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ. ಆದರೆ ಅದಷ್ಟೇ ಅಲ್ಲ. ಶಾಲೆಯ ಹುಡುಗನ ತಪ್ಪು ನನಗೆ ಅವನ ತಪ್ಪಾಗಿ ಕಾಣುತ್ತದೆ, ಅದರ ಬಗ್ಗೆ ಕುತೂಹಲ ಹುಟ್ಟುತ್ತದೆ. ಮಗಳ ತಪ್ಪು ನನ್ನ ತಪ್ಪಾಗಿ, ನಾಲ್ಕು ಮಂದಿ ನೋಡಿಬಿಡಬಹುದಾದ ಕಲೆಯಾಗಿ ಕಾಣುತ್ತದೆ, ಅದನ್ನು ಬೇಗ ಒರೆಸಿಬಿಡಬೇಕೆಂಬ ಅವಸರ ಹುಟ್ಟುತ್ತದೆ. ಶಿಕ್ಷಕರ ಮಕ್ಕಳು ಈ ಅವಸರದ ಭಾರವನ್ನು ಹೊತ್ತೇ ಬೆಳೆಯುತ್ತಾರೆ.

ಮುತ್ಯಾ ಎಂದರೆ ನನ್ನ ಮಾವನವರು, ಜೇವರ್ಗಿ ತಾಲ್ಲೂಕಿನ ಹಳ್ಳಿಯವರು, ಈಗ 86 ವರ್ಷ. 1948ರ ಸೆಪ್ಟೆಂಬರ್ 17ರಂದು ಹೈದರಾಬಾದ್ ಸಂಸ್ಥಾನದ ಆಳ್ವಿಕೆ ಕೊನೆಗೊಂಡಾಗ ಅವರು ಮೂರನೆಯ ಜಮಾತಿನಲ್ಲಿ, ಅಂದರೆ ಮೂರನೆಯ ತರಗತಿಯಲ್ಲಿ ಇದ್ದರು. ನಿಜಾಮರ ಕಾಲದಲ್ಲಿ ಕಚೇರಿಯ ಭಾಷೆ ಉರ್ದು. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನೆಯೂ ಉರ್ದುವಿನಲ್ಲೇ ಇತ್ತು. ಮನೆಯಲ್ಲಿ ಕನ್ನಡವನ್ನಷ್ಟೇ ಕೇಳಿ ಬೆಳೆದ ಮಾವನವರಿಗೆ ಅವರ ಮಾಸ್ತರರು ಉರ್ದುವಿನಲ್ಲೇ ಪಾಠ ಹೇಳುತ್ತಿದ್ದರಂತೆ. "ದೋ ಏಕಂ ದೋ, ದೋ ದೂನಿ ಚಾರ್" ಎಂದು ಹತ್ತರವರೆಗೆ ಅವರು ಇಂದಿಗೂ ತಡವರಿಸದೆ ಹೇಳುತ್ತಾರೆ. ಮುಂದೆ ಶಾಲೆ ಕನ್ನಡಕ್ಕೆ ಬಂದಾಗ "ಎರಡೊಂದ್ಲೆ ಎರಡು" ಎಂದು ಮೊದಲಿನಿಂದ ಕಲಿತರು. 1957ರ ಏಪ್ರಿಲ್‌ನಲ್ಲಿ ಹೊಸ ಪೈಸೆ ಬಂದು, ಹದಿನಾರು ಆಣೆಯ ರೂಪಾಯಿ ನೂರು ಪೈಸೆಯ ರೂಪಾಯಿಯಾದಾಗ, ಸಂತೆಯಲ್ಲಿ ಮುದುಕಿಯರಿಗೆಲ್ಲ ನಾಲ್ಕಾಣೆಗೆ ಇಪ್ಪತ್ತೈದು ಎಂದು ಬಿಡಿಸಿ ಹೇಳುವ ಕೆಲಸ ಓದು ಬಲ್ಲ ಹುಡುಗರ ಪಾಲಿಗೆ ಬಂದಿತ್ತಂತೆ. ಏಳನೆಯ ತರಗತಿಗೆ ಶಾಲೆ ಬಿಟ್ಟು ಹೊಲಕ್ಕೆ ನಿಂತರು. ಸವ್ವಾ (ಒಂದೂಕಾಲು), ದೀಡ (ಒಂದೂವರೆ), ಅಡೀಚ (ಎರಡೂವರೆ) ಎಂಬ ಅಳತೆಗಳಲ್ಲಿ ಅವರು ಬಾಯಿಲೆಕ್ಕ ಮಾಡುವ ವೇಗವನ್ನು ನಾನು ಕಾಗದದ ಮೇಲೆ ಹಿಡಿಯಲಾರೆ. ಇಂಗ್ಲಿಷ್ ಮಾತ್ರ ಅವರಿಗೆ ಒಂದಕ್ಷರವೂ ಬಾರದು.

ಒಂದು ಸಂಜೆ ನಾನು ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದೆ. ಅಡುಗೆಮನೆಗೆ ಅವರ ಕೋಣೆಯ ಮಾತು ಕೇಳಿಸುತ್ತದೆ. ಮಗಳು ಪುಸ್ತಕ ತೆರೆದಿಟ್ಟುಕೊಂಡಿದ್ದಳು. ಆ ದಿನ ಅವಳ ಮುಂದಿದ್ದವು 0.7 ಮತ್ತು 0.52.

"ಈ ಚುಕ್ಕಿ ಏನವಾ?" ಎಂದು ಮಾವನವರು ಕೇಳಿದರು.

"ಪಾಯಿಂಟ್ ಮುತ್ಯಾ."

"ಯಾಕ ಇಟ್ಟಾರ ಅದನ್ನ?"

"ಪೂರಾ ಒಂದ ಇಲ್ಲಲಾ, ಅದಕ್ಕ."

"ಪೂರಾ ಇಲ್ಲಂದ್ರ ಎಷ್ಟದ ಮತ್ತ?"

ಸ್ವಲ್ಪ ಹೊತ್ತು ಮಾತಿರಲಿಲ್ಲ. ನಾನು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕಿವಿಗೊಟ್ಟೆ. ಅವಳು ಇಂಗ್ಲಿಷಿನಲ್ಲಿ ಕಲಿತದ್ದನ್ನು ಮುತ್ಯಾನ ಮಾತಿಗೆ ತರಬೇಕಾಗಿತ್ತು. "ಒಂದ ರೊಟ್ಟಿಗಿ ಹತ್ತ ಪಾಲ ಮಾಡಿ, ಅದರಾಗ ಏಳ ತಗೊಂಡಂಗ" ಎಂದಳು. ಇನ್ನೊಂದು ಅಂಕಿ ಏನು ಎಂದು ಅವರು ಕೇಳಿದರು. "ಇದು ನೂರ ಪಾಲ ಮಾಡಿ ಐವತ್ತೆರಡ ತಗೊಂಡಂಗ." ಆಗ ಮಾವನವರು ನಿಜವಾದ ಆಶ್ಚರ್ಯದಿಂದ, "ಒಂದೇ ರೊಟ್ಟಿಗಿ ನೂರ ಪಾಲ ಮಾಡಿದ್ರ ತುಂಡ ಎಷ್ಟ ಸಣ್ಣಾಗ್ತಾವ, ಹೊಟ್ಟಿ ತುಂಬ್ತದೇನವಾ?" ಎಂದರು. ಮತ್ತೆ ಮೌನ. ಆಮೇಲೆ ಪೆನ್ಸಿಲ್ಲಿನ ಸದ್ದು, ಪುಟ ಹಿಂದಕ್ಕೆ ತಿರುವುವ ಸದ್ದು. "ಮುತ್ಯಾ, ಹತ್ತರಾಗ ಏಳಂದ್ರ ನೂರರಾಗ ಎಪ್ಪತ್ತ ಆಗ್ತಾವಲಾ. ಏಳೇ ದೊಡ್ಡದು. ನಾ ಹಿಂದಿನ್ವೂ ಎಲ್ಲಾ ತಪ್ಪ ಮಾಡೀನಿ" ಎಂದು ಅವಳೇ ಹೇಳಿದಳು. ತಪ್ಪು ಮಾಡೀನಿ ಎನ್ನುವಾಗ ಅವಳ ದನಿಯಲ್ಲಿ ಹಿಗ್ಗಿತ್ತು. ನಾನು ಹೇಳಿಕೊಟ್ಟ ಸೊನ್ನೆಯೂ ಇದೇ ಎಪ್ಪತ್ತಕ್ಕೆ ಕರೆದೊಯ್ಯುತ್ತಿತ್ತು, ಆದರೆ ಆ ಸೊನ್ನೆ ನನ್ನದಾಗಿತ್ತು. ಹೆಂಚಿನ ಮೇಲಿನ ರೊಟ್ಟಿ ಕರಕಾದದ್ದು ನನಗೆ ವಾಸನೆ ಬಂದ ಮೇಲೆಯೇ ತಿಳಿಯಿತು.

ಮಾವನವರ ಪ್ರಶ್ನೆಗೂ ನನ್ನ ಪ್ರಶ್ನೆಗೂ ಇರುವ ಅಂತರ ಅಂದು ನನಗೆ ಗೊತ್ತಾಯಿತು. ಅವರಿಗೆ ಉತ್ತರ ತಿಳಿದಿರಲಿಲ್ಲ, ತಿಳಿಯಬೇಕೆಂದೇ ಕೇಳುತ್ತಿದ್ದರು. ಶಿಕ್ಷಕರಾದ ನಾವು ದಿನವಿಡೀ ಕೇಳುವ ಪ್ರಶ್ನೆಗಳು ಬಹುಮಟ್ಟಿಗೆ ಉತ್ತರವನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡು ಕೇಳುವಂಥವು. ಸಂತೆಯಲ್ಲಿ ಯಾರಾದರೂ ದಾರಿ ಕೇಳಿದರೆ ಮಗು ಓಡಿ ಬಂದು ತೋರಿಸುತ್ತದೆ, ಏಕೆಂದರೆ ಕೇಳಿದವರಿಗೆ ದಾರಿ ಗೊತ್ತಿಲ್ಲ. ದಾರಿ ಗೊತ್ತಿರುವವರೇ ಹಾಗೆ ಕೇಳಿದರೆ ಮಗು ಮೊದಲು ಅವರ ಮುಖ ನೋಡುತ್ತದೆ. ಮಗಳು ನನ್ನ ಮುಂದೆ ಕುಳಿತಾಗ ಲೆಕ್ಕವನ್ನು ಬಿಟ್ಟು ನನ್ನ ಹುಬ್ಬನ್ನು ಓದುತ್ತಿದ್ದಳು. ನನಗೆ ಗಣಿತ ಬರುತ್ತದೆ, ಅದನ್ನು ಬಾರದಂತೆ ನಟಿಸಿದರೆ ಅವಳು ಒಂದೇ ಗಳಿಗೆಯಲ್ಲಿ ಹಿಡಿಯುತ್ತಾಳೆ. ಆದರೆ ನನಗೆ ನಿಜವಾಗಿಯೂ ಗೊತ್ತಿಲ್ಲದ ಒಂದು ಸಂಗತಿ ಪ್ರತಿ ಲೆಕ್ಕದಲ್ಲೂ ಇರುತ್ತದೆ: ಆ ಉತ್ತರ ಈ ಮಗುವಿನ ತಲೆಯಲ್ಲಿ ಯಾವ ದಾರಿಯಿಂದ ಬಂತು ಎಂಬುದು. 0.35 ದೊಡ್ಡದೆಂದು ಅವಳು ಏಕೆ ಬರೆದಳೆಂದು ಆಮೇಲೆ ಒಂದು ದಿನ, ಯಾವ ಅವಸರವೂ ಇಲ್ಲದೆ, ಕೇಳಿದೆ. "ಥರ್ಟಿ ಫೈವ್ ಎಂಟಕ್ಕಿಂತ ದೊಡ್ಡದಲಾ ಮಮ್ಮಿ" ಎಂದಳು. ಚುಕ್ಕಿಯ ಆಚೆಯ ಅಂಕಿಗಳನ್ನು ಒಂದೊಂದಾಗಿ ಓದದೆ ಒಟ್ಟಾಗಿ ಥರ್ಟಿ ಫೈವ್ ಎಂದು ಓದಿದ್ದೇ ಅವಳ ದಾರಿ ತಪ್ಪಿಸಿತ್ತು. ನಾನು ಸೊನ್ನೆ ಹಚ್ಚಲು ಹೇಳಿದ್ದು ಆ ಓದನ್ನು ಮುಟ್ಟಿರಲೇ ಇಲ್ಲ, ಆದ್ದರಿಂದಲೇ ನಾನು ತಿದ್ದಿದ್ದು ಮುಂದಿನ ಪುಟದವರೆಗೂ ಉಳಿಯಲಿಲ್ಲ.

ತರಗತಿಯಲ್ಲಿ ಈ ಪ್ರಶ್ನೆಯನ್ನು ರೂಢಿಗೆ ತರುವುದು ಸುಲಭವಾಗಲಿಲ್ಲ. ಹ್ಯಾಂಗ ಬಂತು ಎಂದ ತಕ್ಷಣ ಮಕ್ಕಳ ಕೈ ರಬ್ಬರಿನ ಕಡೆಗೆ ಹೋಗುತ್ತಿತ್ತು. ಟೀಚರು ಕೇಳಿದರೆಂದರೆ ತಪ್ಪಾಗಿರಲೇಬೇಕು ಎಂಬುದು ಅವರು ಏಳು ವರ್ಷಗಳಲ್ಲಿ ಕಲಿತ ಪಾಠ. ಸರಿ ಉತ್ತರ ಬರೆದವರನ್ನೂ ಅದೇ ದನಿಯಲ್ಲಿ ಕೇಳತೊಡಗಿದ ಮೇಲೆ, ಎರಡು ತಿಂಗಳು ಕಳೆದು, ಆ ಭಯ ಸ್ವಲ್ಪ ಸಡಿಲಾಯಿತು. ಗಣಿತದ ನೋಟುಪುಸ್ತಕದಲ್ಲಿ ಒರೆಸಬಾರದು, ತಪ್ಪಿನ ಮೇಲೆ ಒಂದೇ ಗೆರೆ ಎಳೆದು ಪಕ್ಕದಲ್ಲಿ ಮತ್ತೆ ಮಾಡಬೇಕು ಎಂದು ನಿಯಮ ಮಾಡಿದೆ. ಪುಸ್ತಕಗಳು ನೋಡಲು ಚೆಂದ ಇರುವುದಿಲ್ಲ, ತಪಾಸಣೆಗೆ ಬಂದವರು ಒಮ್ಮೆ ಅದನ್ನು ಆಕ್ಷೇಪಿಸಿದ್ದೂ ಉಂಟು.

ಭಾಷೆಯ ತೊಡಕು ಇದಕ್ಕಿಂತ ದೊಡ್ಡದು. ಸಂಕಲನ, ವ್ಯವಕಲನ ಎಂಬ ಮಾತುಗಳಲ್ಲಿ ವಿವರಿಸು ಎಂದರೆ ಬಾಯಿ ಕಟ್ಟುವ ಮಗು, ಕೂಡಸ್ದೆ, ಕಳದೆ, ಕೈಗ ಒಂದ ಹಿಡಕೊಂಡೆ ಎನ್ನಲು ಬಿಟ್ಟರೆ ನಿಲ್ಲದೆ ಹೇಳುತ್ತದೆ. ಆ ಮಾತನ್ನು ನಡುವೆ ತಿದ್ದಬಾರದೆಂದು ನಾನು ನಾಲಿಗೆ ಕಚ್ಚಿಕೊಂಡು ಕೂರುತ್ತೇನೆ. ಪುಸ್ತಕದ ಪದವನ್ನು ಕೊನೆಗೆ ಕರಿಹಲಗೆಯ ಮೇಲೆ ಬರೆದರೆ ಸಾಕು. ನಮ್ಮ ಶಾಲೆಗೆ ತಾಂಡಾದ ಮಕ್ಕಳೂ ಬರುತ್ತಾರೆ, ಅವರ ಮನೆಮಾತು ಲಂಬಾಣಿ. ಒಂದು ವರ್ಷ ಪೂರ್ತಿ ತರಗತಿಯಲ್ಲಿ ತುಟಿ ಬಿಚ್ಚದ ಒಬ್ಬ ಹುಡುಗಿಗೆ, ಪಕ್ಕದಲ್ಲಿ ಕೂಡುವ ಗೆಳತಿಗೆ ನಿನ್ನ ಮಾತಿನಲ್ಲೇ ಹೇಳು ಎಂದೆ. ಅವಳು ಬೆರಳು ಮಡಚುತ್ತ, ನೆಲದ ಮೇಲೆ ಗೆರೆ ಎಳೆಯುತ್ತ, ಐದು ನಿಮಿಷ ಹೇಳಿದಳು. ಗೆಳತಿ ಅದನ್ನು ನನಗೆ ಕನ್ನಡದಲ್ಲಿ ದಾಟಿಸಿದಳು. ಭಿನ್ನರಾಶಿಯ ಭಾಗಾಕಾರವನ್ನು ಅವಳು ನಮ್ಮ ಪುಸ್ತಕಕ್ಕಿಂತ ಚೆನ್ನಾಗಿ ತಿಳಿದುಕೊಂಡಿದ್ದಳು. ಆ ವರ್ಷ ಹಿಂದಿನ ಪರೀಕ್ಷೆಗಳಲ್ಲಿ ನಾನೇ ಅವಳಿಗೆ ಕೊಟ್ಟ ಅಂಕಗಳನ್ನು ನೆನೆಸಿಕೊಂಡರೆ ಇಂದಿಗೂ ಮನಸ್ಸಿಗೆ ಕಸಿವಿಸಿಯಾಗುತ್ತದೆ.

ಇದಕ್ಕೆಲ್ಲ ವೇಳೆ ಎಲ್ಲಿದೆ ಎಂದು ಸಹೋದ್ಯೋಗಿಗಳು ಕೇಳುತ್ತಾರೆ, ಆ ಪ್ರಶ್ನೆ ನ್ಯಾಯವಾದದ್ದೇ. 2024ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಶೇಕಡಾ 50.59ರೊಂದಿಗೆ ಯಾದಗಿರಿ ರಾಜ್ಯಕ್ಕೆ ಕೊನೆಯ ಸ್ಥಾನದಲ್ಲಿತ್ತು. 2025ರಲ್ಲಿ ಶೇಕಡಾ 42.43ರೊಂದಿಗೆ ಆ ಸ್ಥಾನ ಕಲಬುರಗಿಗೆ ಬಂತು. ಅಂಥ ಫಲಿತಾಂಶ ಬಂದ ಮೇಲೆ ಸಭೆಯ ಮೇಲೆ ಸಭೆ ನಡೆಯುತ್ತವೆ, ಬೆಳಗಿನ ಮತ್ತು ಸಂಜೆಯ ವಿಶೇಷ ತರಗತಿಗಳು ಬರುತ್ತವೆ, ಕಲಿಕೆಯಲ್ಲಿ ಹಿಂದುಳಿದವರಿಗೆಂದು ಪಾಸಿಂಗ್ ಪ್ಯಾಕೇಜ್ ಸಿದ್ಧವಾಗುತ್ತದೆ. ಪಾಸಿಂಗ್ ಪ್ಯಾಕೇಜ್ ಎಂದರೆ ಖಚಿತವಾಗಿ ಬರಬಹುದಾದ ಪ್ರಮೇಯ, ನಕ್ಷೆ, ರಚನೆ ಹಾಗೂ ಒಂದು ಅಂಕದ ಪ್ರಶ್ನೆಗಳನ್ನು ಮತ್ತೆ ಮತ್ತೆ ಬರೆಸಿ ಉತ್ತೀರ್ಣವಾಗುವಷ್ಟು ಅಂಕ ಕೈಗೆ ಹತ್ತಿಸುವುದು. ನಾನು ಅದನ್ನು ಹೀಗಳೆಯಲಾರೆ. ಜನವರಿಯಿಂದ ಮಾರ್ಚ್‌ವರೆಗೆ ನಾನೂ ಅದನ್ನೇ ಮಾಡುತ್ತೇನೆ. ಹತ್ತನೆಯ ತರಗತಿಯಲ್ಲಿ ನಪಾಸಾದ ಹುಡುಗ ತಂದೆ ತಾಯಿಯ ಜೊತೆ ಪುಣೆಗೋ ಹೈದರಾಬಾದಿಗೋ ಗುಳೆ ಹೋಗುತ್ತಾನೆ, ನಪಾಸಾದ ಹುಡುಗಿಗೆ ಮನೆಯಲ್ಲಿ ವರ ಹುಡುಕಲು ಶುರು ಮಾಡುತ್ತಾರೆ. ಇದನ್ನು ಕಣ್ಣಾರೆ ಕಂಡವರು ಅಂಕ ಮುಖ್ಯವಲ್ಲ ಎಂದು ಹೇಳುವುದು ತಪ್ಪಾಗುತ್ತದೆ. ನನ್ನ ದೂರು ಇಷ್ಟೇ: ಆ ಅವಸರ ಜನವರಿಯಿಂದ ಹಿಂದೆ ಹಿಂದೆ ಸರಿಯುತ್ತ ಜೂನ್ ತಿಂಗಳಿಗೆ, ಹತ್ತರಿಂದ ಎಂಟನೆಯ ತರಗತಿಗೆ ಬಂದು ಮುಟ್ಟುತ್ತಿದೆ. ಎಂಟನೆಯ ತರಗತಿಯ ಮಗುವಿಗೆ ಹ್ಯಾಂಗ ಬಂತು ಎಂದು ಕೇಳಲು ವೇಳೆ ಇಲ್ಲದ್ದಕ್ಕೇ ಹತ್ತನೆಯದರಲ್ಲಿ ಪ್ಯಾಕೇಜ್ ಬೇಕಾಗುತ್ತದೆ ಎಂದು ನಾನು ಸಭೆಗಳಲ್ಲಿ ಹೇಳಿದ್ದೇನೆ. ಮುಂದೆಯೂ ಹೇಳುತ್ತೇನೆ. ದಿನಕ್ಕೆ ಒಂದು ಲೆಕ್ಕ, ಮೂರು ಮಕ್ಕಳು, ಹತ್ತು ನಿಮಿಷ: ನಾನು ಮಾಡಿಕೊಂಡ ಹೊಂದಾಣಿಕೆ ಇದು. ಅದರಿಂದ ಪಠ್ಯ ಹಿಂದೆ ಬಿದ್ದಿಲ್ಲ.

3.10 ಎಂದು ಬರೆದ ಹುಡುಗ ಈಗ ಹತ್ತನೆಯ ತರಗತಿಯಲ್ಲಿದ್ದಾನೆ. ತೊಗರಿ ರಾಶಿಯ ಕೆಲಸಕ್ಕೆಂದು ಡಿಸೆಂಬರ್‌ನಲ್ಲಿ ಹನ್ನೊಂದು ದಿನ ಶಾಲೆಗೆ ಬರಲಿಲ್ಲ. ಬಂದ ದಿನ ಚೀಲದ ತೂಕ, ಹಮಾಲಿ, ಕ್ವಿಂಟಲಿನ ದರ ಎಲ್ಲವನ್ನೂ ನೋಟುಪುಸ್ತಕದ ಹಿಂದಿನ ಪುಟದಲ್ಲಿ ಬರೆದುಕೊಂಡು ಬಂದಿದ್ದ, ಯಾರೂ ಹೇಳದೆಯೇ.

ಕಳೆದ ತಿಂಗಳು ಎಳ್ಳ ಅಮಾವಾಸ್ಯೆಗೆ ನಾವೆಲ್ಲ ಜೇವರ್ಗಿ ಕಡೆಯ ನಮ್ಮ ಹೊಲಕ್ಕೆ ಹೋಗಿದ್ದೆವು. ಎರೆ ಹೊಲದಲ್ಲಿ ಬಿಳಿಜೋಳ ಎದೆಯುದ್ದ ನಿಂತಿತ್ತು, ಬದುವಿನ ಆಚೆ ಕಡಲೆ ಕಾಯಿ ಕಟ್ಟುತ್ತಿತ್ತು. ಬೆಳೆಗೆ ಎಡೆಯಾಗಿ ಎರಚುವ ಚರಗ ಚೆಲ್ಲಿ ಬಂದು, ಸಜ್ಜೆ ರೊಟ್ಟಿ, ಭಜ್ಜಿ, ಶೇಂಗಾ ಹೋಳಿಗೆಯ ಬುತ್ತಿ ಬಿಚ್ಚುವ ಹೊತ್ತಿನಲ್ಲಿ ಮಗಳು ನನ್ನನ್ನು ಕೇಳಿದಳು: "ಮಮ್ಮಿ, ಎಕರೆಗೆ ನಾಲ್ವತ್ತೇ ಗುಂಟೆ ಯಾಕ? ಹತ್ತೋ ನೂರೋ ಇದ್ರ ಪಾಯಿಂಟ್ ಸರಳ ಆಗ್ತಿತ್ತಲಾ." ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲವೆಂದೇ ಹೇಳಿದೆ, ಹಾಗೆ ಹೇಳುವಾಗ ನನ್ನೊಳಗೆ ಒಂದು ಹಗುರ ಭಾವ ಬಂತು. ಬನ್ನಿ ಮರದ ಕೆಳಗೆ ಕಂಬಳಿಯ ಮೇಲೆ ಕುಳಿತಿದ್ದ ಮಾವನವರು, "ಅಣತಮ್ಮರಿಗಿ ಪಾಲ ಹಚ್ಚಲಾಕ ಸಸೂತ್ರ ಆಗ್ಲಿ ಅಂತ ಇದ್ದೀತು ತಗೋ" ಎಂದರು. ಅದು ಅವರ ಊಹೆ. ಮಗಳು ಒಂದು ಜೋಳದ ದಂಟು ಮುರಿದುಕೊಂಡು ಬಂದು ಮಣ್ಣಿನ ಮೇಲೆ ಬರೆಯತೊಡಗಿದಳು. ಇಬ್ಬರಿಗೆ ಇಪ್ಪತ್ತಿಪ್ಪತ್ತು. ನಾಲ್ವರಿಗೆ ಹತ್ಹತ್ತು. ಐವರಿಗೆ ಎಂಟೆಂಟು. ಎಂಟು ಮಂದಿಗೆ ಐದೈದು. ಮೂರನ್ನು ಬಿಟ್ಟು ಮುಂದೆ ಹೋಗಿದ್ದವಳು ಹಿಂದಕ್ಕೆ ಬಂದು ಅಲ್ಲೇ ಕುಕ್ಕರಗಾಲಲ್ಲಿ ಕುಳಿತಳು. "ಮೂರ ಮಂದಿ ಇದ್ರ ಹ್ಯಾಂಗ ಮುತ್ಯಾ? ಹದಿಮೂರ ಹದಿಮೂರ ಕೊಟ್ರ ಒಂದ ಗುಂಟೆ ಉಳೀತದ."

"ಗುಂಟೆಗಿ ಹದಿನಾರ ಆಣೆ ಅದಾವಲಾ, ಒಡಿ ಅದನ್ನ" ಎಂದರು ಮಾವನವರು.

ಹದಿನಾರನ್ನೂ ಮೂರರಿಂದ ಭಾಗಿಸಿದರೆ ಮತ್ತೆ ಒಂದು ಉಳಿಯುತ್ತದೆಂದು ನನ್ನ ನಾಲಿಗೆಯ ತುದಿಗೆ ಬಂದಿತ್ತು. ನಾನು ರೊಟ್ಟಿಯ ಬುತ್ತಿಯನ್ನು ಮತ್ತೆ ಮುಚ್ಚಿಟ್ಟೆ. ಅವಳು ದಂಟಿನಿಂದ ಹದಿನಾರು ಗೆರೆಗಳನ್ನು ಒಂದೊಂದಾಗಿ ಎಳೆಯುತ್ತಿದ್ದಳು.